ಭೂತಾಪವೃದ್ಧಿಯ ಅಧ್ಯಯನಕ್ಕೆ ಕೆಲವು ಗ್ರಂಥಗಳು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

1

ಭೂಮಿಯ ತಾಪವು ಏರುತ್ತಿದೆಯೆಂಬ ಮಾತು ಈಗ ವಿದ್ಯಾವಂತರಲ್ಲಿ ಯಾರಿಗೂ ಹೊಸದಲ್ಲ. ಕಾಲೇಜುಗಳಲ್ಲಿ ಈ ವಿಷಯವಾಗಿ ಭಾಷಣಸ್ಪರ್ಧೆಗಳು ಏರ್ಪಡುತ್ತವೆ. ಪರೀಕ್ಷೆಗಳಲ್ಲಿ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳು ಕಂಠಪಾಠ ಮಾಡಿದ ಉತ್ತರಗಳನ್ನು ಬರೆದು ಉತ್ತೀರ್ಣರೂ ಆಗುತ್ತಾರೆ. ಆದರೆ ಅವರಲ್ಲೊಬ್ಬನು ನಮ್ಮ ಬಳಿಗೆ ಬಂದು, ಇದನ್ನು ಸರಿಯಾಗಿ ತಿಳಿಯಬೇಕಾದರೆ ಯಾವ ಪುಸ್ತಕವನ್ನು ಓದಬೇಕೆಂದು ಕೇಳಿದರೆ, ಅಧ್ಯಾಪಕರಾದ ನಮ್ಮಲ್ಲಿ ಅನೇಕರು ತಡವರಿಸುವುದು ಸುಳ್ಳಲ್ಲ. ಕೇಳಿದವನು ಇತಿಹಾಸದ ವಿದ್ಯಾರ್ಥಿಯಾದರೆ, ಅದು ವಿಜ್ಞಾನದ ವಿಷಯವೆಂದು ಅವನನ್ನು ಪಕ್ಕದ ವಿಭಾಗಕ್ಕೆ ಕಳುಹಿಸಿಬಿಡುವ ರೂಢಿಯೂ ಉಂಟು. ಈ ರೂಢಿ ತಪ್ಪೆಂದು ತೋರಿಸುವುದೂ, ಇತಿಹಾಸದ ಅಧ್ಯಾಪಕನು ಅಂಥ ವಿದ್ಯಾರ್ಥಿಗೆ ಯಾವ ಗ್ರಂಥಗಳನ್ನು ಯಾವ ಕ್ರಮದಲ್ಲಿ ಕೊಡಬಹುದೆಂದು ಪರಿಶೀಲಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಪ್ರೇರಣೆ ತರಗತಿಯಲ್ಲೇ ಒದಗಿತು. 2023ರ ಬರಗಾಲದ ಮಾತು ಬಂದಾಗ ಜಗಳೂರಿನ ಕಡೆಯ ವಿದ್ಯಾರ್ಥಿಯೊಬ್ಬನು, "ನಮ್ಮ ಸೀಮೆಗೆ ಬರ ಹೊಸದೇನೂ ಅಲ್ಲ; ಅಜ್ಜ ಮುತ್ತಜ್ಜರ ಕಾಲದಿಂದಲೂ ಇದ್ದದ್ದೇ. ಹಾಗಿರುವಲ್ಲಿ ಈ ಭೂತಾಪದ ಗದ್ದಲವೇತಕ್ಕೆ?" ಎಂದನು. ಚನ್ನಗಿರಿಯ ಕಡೆಯ ಇನ್ನೊಬ್ಬನು ಅದಕ್ಕೆ ಒಪ್ಪದೆ, "ಈಚಿನ ಬರವೂ ನೆರೆಯೂ ಎಲ್ಲವೂ ಭೂತಾಪದಿಂದಲೇ ಆದುವು, ಇದರಲ್ಲಿ ನಾವು ಮಾಡಬಹುದಾದದ್ದು ಏನೂ ಇಲ್ಲ" ಎಂದನು. ಇಬ್ಬರೂ ಬುದ್ಧಿವಂತರು, ಇಬ್ಬರೂ ರೈತರ ಮಕ್ಕಳು. ಮೊದಲನೆಯವನ ಮಾತು ಹೊಸ ಅಪಾಯವನ್ನು ಅಲ್ಲಗಳೆಯುತ್ತದೆ. ಎರಡನೆಯವನ ಮಾತು ಹಳೆಯ ಹೊಣೆಗಳನ್ನೆಲ್ಲ ಆಕಾಶದ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತದೆ. ಹೂಳು ತುಂಬಿದ ಕೆರೆಗೂ ಬತ್ತಿದ ಕೊಳವೆಬಾವಿಗೂ ಆಗ ಯಾರೂ ಉತ್ತರ ಹೇಳಬೇಕಾಗುವುದಿಲ್ಲ. ಆದಕಾರಣ ಈ ಎರಡು ತಪ್ಪುಗಳಿಂದಲೂ ವಾಚಕನನ್ನು ಪಾರುಮಾಡುವ ಶಕ್ತಿ ಗ್ರಂಥಕ್ಕಿದೆಯೇ ಎಂಬುದನ್ನೇ ಇಲ್ಲಿ ಒರೆಗಲ್ಲಾಗಿ ಇಟ್ಟುಕೊಂಡಿದೆ. ಮಳೆಯ ಸಹಜವಾದ ಏರಿಳಿತ, ಮನುಷ್ಯನು ಉಂಟುಮಾಡಿದ ತಾಪವೃದ್ಧಿ, ಮನುಷ್ಯನೇ ಉಂಟುಮಾಡಿದ ಅಭಾವ, ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಸುವ ಗ್ರಂಥವು ನಮಗೆ ಉಪಯುಕ್ತ. ಮೂರನ್ನೂ ಕಲಸಿಬಿಡುವ ಗ್ರಂಥವು ಎಷ್ಟೇ ಪ್ರಸಿದ್ಧವಾಗಿದ್ದರೂ ನಮಗೆ ಅಷ್ಟಾಗಿ ಒದಗದು.

2

ಇಂಗ್ಲಿಷಿನಲ್ಲಿ ಈ ವಿಷಯಕ್ಕೆ ಶಿಫಾರಸು ಮಾಡುವ ಗ್ರಂಥಗಳು ಸಾಮಾನ್ಯವಾಗಿ ಹಿಮದಿಂದ ಆರಂಭವಾಗುತ್ತವೆ. ಎಲಿಜಬೆತ್ ಕೋಲ್ಬರ್ಟ್ ಅವರ 'ಫೀಲ್ಡ್ ನೋಟ್ಸ್ ಫ್ರಂ ಎ ಕೆಟಾಸ್ಟ್ರೊಫಿ' (2006) ಇದಕ್ಕೊಂದು ಉತ್ತಮ ನಿದರ್ಶನ. ಲೇಖಕಿಯು ಅಲಾಸ್ಕ, ಗ್ರೀನ್‌ಲೆಂಡ್ ಮೊದಲಾದ ಸ್ಥಳಗಳಿಗೆ ಸ್ವತಃ ಹೋಗಿ, ಕರಗುತ್ತಿರುವ ಮಂಜನ್ನೂ ಅದನ್ನು ಅಳೆಯುತ್ತಿರುವ ವಿಜ್ಞಾನಿಗಳನ್ನೂ ಕಂಡು ಬರೆದಿದ್ದಾರೆ. ಬರವಣಿಗೆ ಸ್ವಚ್ಛವಾದುದು, ಉತ್ಪ್ರೇಕ್ಷೆಯಿಲ್ಲ. ಆದರೆ ಮಂಜನ್ನು ಕಂಡರಿಯದ ನಮ್ಮ ವಿದ್ಯಾರ್ಥಿಗೆ ಇದು ದೂರದ ದೇಶದ ಪ್ರವಾಸಕಥನವಾಗಿ ಉಳಿದುಬಿಡುವ ಸಂಭವ ಹೆಚ್ಚು. ಅವನ ಬದುಕು ನಿಂತಿರುವುದು ಮಂಜಿನ ಮೇಲಲ್ಲ, ಮುಂಗಾರಿನ ಮೇಲೆ. ಆದುದರಿಂದ ಓದಿನ ಆರಂಭವೂ ಮುಂಗಾರಿನಿಂದಲೇ, ಅದರಲ್ಲಿಯೂ ಅವನ ಸ್ವಂತ ತಾಲ್ಲೂಕಿನ ಮುಂಗಾರಿನಿಂದಲೇ ಆಗತಕ್ಕುದು.

ಈ ನಾಲ್ಕು ತಾಲ್ಲೂಕುಗಳೂ ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. ಆ ಜಿಲ್ಲೆಯು ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಈ ಆಡಳಿತದ ಚರಿತ್ರೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಹಳೆಯ ದಾಖಲೆಗಳನ್ನು ಹುಡುಕುವವನು ಎರಡು ಜಿಲ್ಲೆಗಳ ಸಂಪುಟಗಳನ್ನು ತೆರೆಯಬೇಕಾಗುತ್ತದೆ. ಮತ್ತು ಆ ಎರಡು ಜಿಲ್ಲೆಗಳು ಎರಡು ಬಗೆಯ ಮಳೆಯ ಸೀಮೆಗಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಮಲೆನಾಡಿನ ಸೆರಗು. ಜಗಳೂರು ಅಪ್ಪಟ ಬಯಲುಸೀಮೆ. ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಗಳು ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹೊನ್ನಾಳಿಯನ್ನು ಹಾಯ್ದು ಹೋಗುತ್ತವೆ. ಜಗಳೂರಿಗೆ ಅಂಥ ನದಿಯಿಲ್ಲ. ಅಲ್ಲಿ ಬಿದ್ದ ಮಳೆಯೇ ಅಲ್ಲಿಯ ನೀರು.

ಓದತಕ್ಕ ಮೊದಲ ಗ್ರಂಥಗಳು ಬಿ. ಎಲ್. ರೈಸ್ ಅವರವು. 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರಗಳೊಡನೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ, 11ನೆಯ ಸಂಪುಟದಲ್ಲಿ ಜಗಳೂರನ್ನೊಳಗೊಂಡ ಚಿತ್ರದುರ್ಗ ಜಿಲ್ಲೆಯ ಶಾಸನಗಳೂ ಇವೆ. ಭೂತಾಪದ ಓದಿನ ಪಟ್ಟಿಯಲ್ಲಿ ಶಾಸನಸಂಪುಟವೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಕೆರೆ ಕಟ್ಟಿಸಿದವರ, ಕೆರೆಗೆ ಭೂಮಿ ಬಿಟ್ಟವರ ಶಾಸನಗಳನ್ನು ಓದಿದ ಮೇಲೆ ಒಂದು ಸಂಗತಿ ಮನದಟ್ಟಾಗುತ್ತದೆ. ಈ ನಾಡಿನವರು ಮಳೆಯನ್ನು ನಂಬಿ ಕುಳಿತವರಲ್ಲ. ಮಳೆಯು ಕೈಕೊಡುವುದೆಂಬುದನ್ನು ಲೆಕ್ಕಕ್ಕೆ ಹಿಡಿದೇ ಬದುಕನ್ನು ಕಟ್ಟಿದವರು. ಬಿತ್ತುವಟ್ಟ, ಕೆರೆಗೊಡಗೆ ಎಂಬ ಶಬ್ದಗಳಲ್ಲಿ ಕೆರೆಯನ್ನು ಕಟ್ಟಿದರೆ ಸಾಲದು, ಪ್ರತಿವರ್ಷವೂ ಕಾಯಬೇಕೆಂಬ ತಿಳಿವು ಅಡಗಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು, ಎಂದರೆ ಶಾಂತಿಸಾಗರವು, ಈ ತಿಳಿವಿಗೆ ಅತಿದೊಡ್ಡ ಸಾಕ್ಷಿ. ಅದರ ಹುಟ್ಟಿನ ಬಗೆಗೆ ಶಾಂತವ್ವೆಯ ಐತಿಹ್ಯವಿದೆ. ಕಾಲವನ್ನು ಸಾಮಾನ್ಯವಾಗಿ 11-12ನೆಯ ಶತಮಾನವೆಂದು ಹೇಳುತ್ತಾರೆ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಏರಿ ಹಾಕಿ ಇಷ್ಟು ವಿಸ್ತಾರವಾದ ನೀರನ್ನು ಹಿಡಿದ ಬುದ್ಧಿಯು ಮಳೆಯ ಚಾಂಚಲ್ಯವನ್ನು ಚೆನ್ನಾಗಿ ಬಲ್ಲದ್ದಾಗಿತ್ತು.

ಶಾಸನಗಳ ಜೊತೆಗೆ ರೈಸ್ ಅವರ ಗ್ಯಾಸೆಟಿಯರನ್ನೂ (ಪರಿಷ್ಕೃತ ಮುದ್ರಣ 1897), 1967ರಲ್ಲಿ ಪ್ರಕಟವಾದ ಚಿತ್ರದುರ್ಗ ಜಿಲ್ಲಾ ಗ್ಯಾಸೆಟಿಯರನ್ನೂ ನೋಡತಕ್ಕುದು. ಇವುಗಳಲ್ಲಿ ಮಳೆಯ ಸರಾಸರಿಗಳು ಸಿಗುತ್ತವೆ. ಆದರೆ ವಿದ್ಯಾರ್ಥಿಗೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಸರಾಸರಿ ಮಳೆ ಎಂಬುದು ಯಾವ ವರ್ಷವೂ ಬೀಳುವ ಮಳೆಯಲ್ಲ. ಹತ್ತು ವರ್ಷಗಳಲ್ಲಿ ಮೂರು ವರ್ಷ ಹೊಲ ಒಣಗಿ, ಎರಡು ವರ್ಷ ಕೆರೆ ಒಡೆದರೂ ಸರಾಸರಿಯು ನೆಮ್ಮದಿಯ ಅಂಕಿಯನ್ನೇ ತೋರಿಸೀತು. ಇಂದಿನ ದಿನದ ಗಾಳಿ, ಮಳೆ, ಬಿಸಿಲು ಹವೆ; ಮೂವತ್ತು ವರ್ಷಗಳಷ್ಟು ದೀರ್ಘಕಾಲದ ಹವೆಯ ನಡತೆ ವಾಯುಗುಣ. ಈ ಭೇದವನ್ನು ಮೊದಲು ಸ್ಥಿರಪಡಿಸಿಕೊಳ್ಳದವನಿಗೆ ಮುಂದಿನ ಯಾವ ಗ್ರಂಥವೂ ಅರ್ಥವಾಗದು.

3

ಮಳೆಯ ಚಾಂಚಲ್ಯವು ಮಹಾಕ್ಷಾಮವಾಗಿ ಪರಿಣಮಿಸುವ ಬಗೆಯನ್ನು ತಿಳಿಯಲು 1876-78ರ ಕ್ಷಾಮಕ್ಕಿಂತ ಮುಖ್ಯವಾದ ಪಾಠವಿಲ್ಲ. ನಮ್ಮ ಹಿರಿಯರು ಇದನ್ನು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರದ ಬರವೆಂದು ಕರೆದರು. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದುದು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವಣ ಅಂತರವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಕೆಲಹೊತ್ತು ಮಾತು ಹೊರಡುವುದಿಲ್ಲ.

ಈ ಕ್ಷಾಮದ ಬಗೆಗೆ ಸಮಕಾಲೀನವಾದ ಎರಡು ಆಕರಗಳುಂಟು. ಮೈಸೂರಿನಲ್ಲಿ ಕ್ಷಾಮ ಪರಿಹಾರದ ಅಧಿಕಾರಿಯಾಗಿದ್ದ ಸಿ. ಎ. ಎಲಿಯಟ್ ಅವರ ವರದಿಯು ಸರ್ಕಾರದ ದೃಷ್ಟಿಯದು. ವಿಲಿಯಂ ಡಿಗ್ಬಿ ಅವರ ಎರಡು ಸಂಪುಟಗಳ ಗ್ರಂಥವು (1878) ಸರ್ಕಾರದ ನೀತಿಯನ್ನು ಪ್ರಶ್ನಿಸಿದ ಪತ್ರಿಕೋದ್ಯೋಗಿಯದು. ಒಂದನ್ನು ಓದಿ ಇನ್ನೊಂದನ್ನು ಬಿಡುವುದು ಸಲ್ಲದು. ಇವೆರಡಕ್ಕಿಂತ ಇಂದಿನ ವಾಚಕನಿಗೆ ಹತ್ತಿರವಾದುದು ಮೈಕ್ ಡೇವಿಸ್ ಅವರ 'ಲೇಟ್ ವಿಕ್ಟೋರಿಯನ್ ಹಾಲೊಕಾಸ್ಟ್ಸ್' (2001). ಪೆಸಿಫಿಕ್ ಸಾಗರದ ಮೇಲ್ನೀರು ಕೆಲವು ವರ್ಷಗಳಿಗೊಮ್ಮೆ ಅಸಾಧಾರಣವಾಗಿ ಕಾಯುವ ಎಲ್ ನಿನೊ ಎಂಬ ವಿದ್ಯಮಾನವು ಆ ವರ್ಷಗಳಲ್ಲಿ ಭಾರತ, ಚೀನ, ಬ್ರೆಜಿಲ್ ದೇಶಗಳಲ್ಲಿ ಮಳೆಯನ್ನು ತಡೆಯಿತು. ಆದರೆ ಜನರು ಸತ್ತದ್ದು ಮಳೆಯಿಲ್ಲದ್ದರಿಂದ ಮಾತ್ರವಲ್ಲ, ಧಾನ್ಯವು ಮಾರುಕಟ್ಟೆಯ ಬೆಲೆಯನ್ನು ಹಿಂಬಾಲಿಸಿ ಹಸಿದವರಿಂದ ದೂರ ಹೋದದ್ದರಿಂದ, ಮತ್ತು ಆಳುವವರು ಪರಿಹಾರವನ್ನು ಬಿಗಿಹಿಡಿದದ್ದರಿಂದ ಎಂಬುದು ಅವರ ವಾದ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಮದರಾಸು ಪ್ರಾಂತದ ಕಾಮಗಾರಿಗಳಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯವೆಂಬ ಕೂಲಿಯನ್ನು ಗೊತ್ತುಮಾಡಿದ ಪ್ರಸಂಗವನ್ನು ಡೇವಿಸ್ ಮರೆಯಲಾಗದಂತೆ ಬರೆದಿದ್ದಾರೆ.

ಈ ಗ್ರಂಥದ ಗುಣವೂ ದೋಷವೂ ಅದರ ಕಾವಿನಲ್ಲಿದೆ. ಗ್ರಂಥಕರ್ತನ ಕೋಪವು ನ್ಯಾಯವಾದುದೇ. ಆದರೆ ಕೋಪದ ವೇಗದಲ್ಲಿ ಸ್ಥಳಸ್ಥಳಕ್ಕೆ ಇರುವ ವ್ಯತ್ಯಾಸಗಳು ಮಸಕಾಗುತ್ತವೆ. ಮೈಸೂರಿನ ಬಯಲುಸೀಮೆ ಅನುಭವಿಸಿದಷ್ಟು ಸಾವುನೋವನ್ನು ಮಲೆನಾಡಿನ ಭಾಗಗಳು ಅನುಭವಿಸಲಿಲ್ಲವೆಂಬ ನಮಗೆ ಮುಖ್ಯವಾದ ಸಂಗತಿಯನ್ನು ಜಿಲ್ಲಾವಾರು ಗಣತಿಯಿಂದಲೇ ತಿಳಿಯಬೇಕಾಗುತ್ತದೆ. ಆದರೂ ನಮ್ಮ ಒರೆಗಲ್ಲಿನ ಮೇಲೆ ಇದು ಚೆನ್ನಾಗಿ ಹೊಳೆಯುವ ಗ್ರಂಥ. ಏಕೆಂದರೆ ಸಹಜವಾದ ಬರವನ್ನೂ ಮನುಷ್ಯಕೃತವಾದ ಅಭಾವವನ್ನೂ ಇಷ್ಟು ನಿಚ್ಚಳವಾಗಿ ಬೇರ್ಪಡಿಸಿದ ಪುಸ್ತಕಗಳು ವಿರಳ. ಮೊದಲನೆಯ ವಿದ್ಯಾರ್ಥಿ ಹೇಳಿದಂತೆ ಬರ ಹೊಸದಲ್ಲ. ಧಾತು-ಈಶ್ವರದ ಬರಕ್ಕೆ ಭೂತಾಪವು ಕಾರಣವಲ್ಲ. ಆಗ ವಾಯುಮಂಡಲದಲ್ಲಿ ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡ್, ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 290 ಭಾಗದಷ್ಟು ಮಾತ್ರವಿತ್ತು. ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ಈಗ ಹೊಸದೇನು ಎಂಬ ಪ್ರಶ್ನೆಗೆ ಸರಿಯಾದ ಅರ್ಥ ಬರುತ್ತದೆ.

4

ಆ ಪ್ರಶ್ನೆಗೆ ಉತ್ತರವನ್ನು ಸ್ಪೆನ್ಸರ್ ವಿಯರ್ಟ್ ಅವರ 'ದಿ ಡಿಸ್ಕವರಿ ಆಫ್ ಗ್ಲೋಬಲ್ ವಾರ್ಮಿಂಗ್' (2003, ಪರಿಷ್ಕೃತ ಮುದ್ರಣ 2008) ಎಂಬ ಗ್ರಂಥದಲ್ಲಿ ಹುಡುಕತಕ್ಕುದು. ವಿಯರ್ಟ್ ಭೌತವಿಜ್ಞಾನದಲ್ಲಿ ತರಬೇತಿ ಪಡೆದು ಇತಿಹಾಸಕಾರರಾದವರು. ಅವರ ಪುಸ್ತಕವು ವಿಜ್ಞಾನದ ಪಠ್ಯವಲ್ಲ, ಒಂದು ತಿಳಿವಿನ ಇತಿಹಾಸ. 1859ರಲ್ಲಿ ಟಿಂಡಾಲ್ ಅವರು ಇಂಗಾಲಾಮ್ಲ ವಾಯುವೂ ನೀರಾವಿಯೂ ಶಾಖವನ್ನು ತಡೆದು ಹಿಡಿಯುವುದನ್ನು ಪ್ರಯೋಗದಿಂದ ತೋರಿಸಿದರು. 1896ರಲ್ಲಿ ಸ್ವೀಡನ್ನಿನ ಅರ್ಹೆನಿಯಸ್ ಅವರು ಈ ವಾಯುವು ಇಮ್ಮಡಿಯಾದರೆ ಭೂಮಿ ಎಷ್ಟು ಕಾದೀತೆಂದು ಲೆಕ್ಕ ಹಾಕಿದರು. ಅದು 5-6 ಡಿಗ್ರಿ ಸೆಲ್ಸಿಯಸ್ ಎಂಬುದು ಅವರ ಎಣಿಕೆ. 1938ರಲ್ಲಿ ಕ್ಯಾಲೆಂಡರ್ ಎಂಬ ಇಂಜಿನಿಯರು ಲೋಕದ ಅನೇಕ ಕೇಂದ್ರಗಳ ತಾಪಮಾನದ ದಾಖಲೆಗಳನ್ನು ಒಟ್ಟುಗೂಡಿಸಿ, ಭೂಮಿಯು ಈಗಾಗಲೇ ಕಾಯುತ್ತಿದೆಯೆಂದು ಹೇಳಿದಾಗ ಅವರನ್ನು ನಂಬಿದವರು ಕೆಲವರೇ. 1958ರಲ್ಲಿ ಕೀಲಿಂಗ್ ಅವರು ಹವಾಯಿ ದ್ವೀಪದ ಮೌನಾ ಲೋವ ಪರ್ವತದ ಮೇಲೆ ಆರಂಭಿಸಿದ ಅಳತೆಯು ಸಂದೇಹಗಳನ್ನು ಕ್ರಮವಾಗಿ ಹಿಂದೆ ಸರಿಸಿತು. ಆಗ ಹತ್ತು ಲಕ್ಷಕ್ಕೆ 315ರ ಆಸುಪಾಸಿನಲ್ಲಿದ್ದ ಇಂಗಾಲಾಮ್ಲವು ಈಗ 420ನ್ನು ಮೀರಿದೆ. ಭೂಮಿಯ ಸರಾಸರಿ ತಾಪವು 1850-1900ರ ಅವಧಿಗೆ ಹೋಲಿಸಿದರೆ 2011-2020ರ ದಶಕದಲ್ಲಿ ಸುಮಾರು 1.1 ಡಿಗ್ರಿ ಏರಿತ್ತೆಂದು ಅಂತರಸರ್ಕಾರಿ ವಾಯುಗುಣ ಮಂಡಳಿಯ ಆರನೆಯ ವರದಿಯು ನಿರ್ಣಯಿಸಿದೆ.

ಒಂದು ಸತ್ಯವು ಸ್ಥಾಪಿತವಾಗಲು ನೂರು ವರ್ಷ ಹಿಡಿಯಿತು ಎಂಬುದನ್ನು ತೋರಿಸುವುದು ಈ ಗ್ರಂಥದ ಹಿರಿಮೆ. ಆತುರದ ನಂಬಿಕೆಯನ್ನೂ ಆತುರದ ಅಪನಂಬಿಕೆಯನ್ನೂ ಅದು ಒಟ್ಟಿಗೆ ವಾಸಿಮಾಡುತ್ತದೆ. ಎರಡು ಕೊರತೆಗಳನ್ನು ಹೇಳಬೇಕು. ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಟಿಂಡಾಲ್‌ಗಿಂತ ಮೂರು ವರ್ಷ ಮೊದಲೇ, 1856ರಲ್ಲಿ, ಇಂಗಾಲಾಮ್ಲ ತುಂಬಿದ ಗಾಜಿನ ನಳಿಗೆಯು ಬಿಸಿಲಿನಲ್ಲಿ ಹೆಚ್ಚಾಗಿ ಕಾಯುವುದನ್ನು ಕಂಡು ಪ್ರಕಟಿಸಿದ್ದಳು. ಆಕೆಯ ಲೇಖನವು ಮತ್ತೆ ಬೆಳಕಿಗೆ ಬಂದದ್ದು 2011ರಲ್ಲಿ. ಆದುದರಿಂದ ಅದಕ್ಕೆ ಹಿಂದಿನ ಮುದ್ರಣಗಳನ್ನು ಓದುವವರು ಈ ಸಂಗತಿಯನ್ನು ತಾವೇ ಸೇರಿಸಿಕೊಳ್ಳಬೇಕು. ಎರಡನೆಯದು, ಈ ಕಥೆಯ ಪಾತ್ರಗಳು ಬಹುಮಟ್ಟಿಗೆ ಯೂರೋಪು, ಅಮೆರಿಕಗಳವರು. ಮುಂಗಾರಿನ ಅಧ್ಯಯನದಿಂದ ಲೋಕದ ವಾಯುಗುಣವಿಜ್ಞಾನಕ್ಕೆ ಸಂದ ಕಾಣಿಕೆ ಇದರಲ್ಲಿ ಹಿನ್ನೆಲೆಯಲ್ಲಿ ನಿಂತಿದೆ.

ಈ ಕೊರತೆಯನ್ನು ಸುನಿಲ್ ಅಮೃತ್ ಅವರ 'ಅನ್‌ರೂಲಿ ವಾಟರ್ಸ್' (2018) ತುಂಬಿಕೊಡುತ್ತದೆ. 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾದದ್ದು, ಕ್ಷಾಮಗಳ ಭೀತಿಯಿಂದ ಮುಂಗಾರನ್ನು ಮುಂದಾಗಿ ಹೇಳುವ ಪ್ರಯತ್ನ ಬಲಗೊಂಡದ್ದು, 1904ರಿಂದ 1924ರವರೆಗೆ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವಣ ವಾಯುಭಾರದ ತೂಗುಯ್ಯಾಲೆಯನ್ನು ಕಂಡುಹಿಡಿದದ್ದು, ಇವೆಲ್ಲವೂ ಅಣೆಕಟ್ಟುಗಳ ಚರಿತ್ರೆಯೊಡನೆ ಹೆಣೆದುಕೊಂಡು ಬರುತ್ತವೆ. ಮುಂಗಾರಿನ ಭವಿಷ್ಯ ನುಡಿಯುವುದರಲ್ಲಿ ವಾಕರ್ ಸಫಲರಾಗಲಿಲ್ಲ. ಆದರೆ ಧಾತು-ಈಶ್ವರದ ಬರವನ್ನು ನೂರು ವರ್ಷಗಳ ತರುವಾಯ ವಿವರಿಸಲು ಬೇಕಾದ ಕೀಲಿಕೈಯನ್ನು ಅವರು ಬಿಟ್ಟುಹೋದರು. ಹೊನ್ನಾಳಿಯ ಹೊಳೆಯ ದಂಡೆಯಲ್ಲಿ ಬೆಳೆದವನು ಈ ಗ್ರಂಥವನ್ನು ಓದಿದರೆ, ತನ್ನ ಊರಿನ ನೀರು ತನ್ನ ಊರಿನದಲ್ಲವೆಂಬುದನ್ನು ಕಾಣುತ್ತಾನೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಯಿಂದ ಚನ್ನಗಿರಿ, ಹೊನ್ನಾಳಿಗಳ ಗದ್ದೆತೋಟಗಳು ಹಸುರಾಗಿವೆಯೆಂದರೆ, ಅದು ಸಹ್ಯಾದ್ರಿಯ ಮಳೆಯ ಋಣ. ಸಹ್ಯಾದ್ರಿಯ ಮಳೆಯು ಅರಬ್ಬೀ ಸಮುದ್ರದ ಋಣ.

ಭಾರತದ ಮಟ್ಟಿಗೆ ನಿಶ್ಚಿತವಾದ ಅಂಕಿಗಳನ್ನು ಬಯಸುವವರು ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ 'ಅಸೆಸ್‌ಮೆಂಟ್ ಆಫ್ ಕ್ಲೈಮೇಟ್ ಚೇಂಜ್ ಓವರ್ ದಿ ಇಂಡಿಯನ್ ರೀಜನ್' ಎಂಬ ವರದಿಯನ್ನು ನೋಡತಕ್ಕುದು. ಇದು ಉಚಿತವಾಗಿ ದೊರೆಯುತ್ತದೆ. 1901ರಿಂದ 2018ರವರೆಗೆ ದೇಶದ ಸರಾಸರಿ ತಾಪವು ಸುಮಾರು 0.7 ಡಿಗ್ರಿ ಏರಿದೆ; 1951ರಿಂದ 2015ರವರೆಗೆ ಮುಂಗಾರು ಮಳೆ ಸುಮಾರು 6 ಪ್ರತಿಶತ ಕುಗ್ಗಿದೆ; ಆದರೆ ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಪ್ರಸಂಗಗಳು 1950ರಿಂದ 2015ರವರೆಗೆ ಸುಮಾರು 75 ಪ್ರತಿಶತ ಹೆಚ್ಚಿವೆ ಎಂಬುದು ಇದರ ಸಾರ. ಮಳೆ ಕಡಮೆಯಾಗುವುದೂ ಹೆಚ್ಚಾಗುವುದೂ ಒಟ್ಟಿಗೆ ಹೇಗೆ ಸಾಧ್ಯವೆಂದು ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಗಾಳಿಯು ಒಂದು ಡಿಗ್ರಿ ಕಾದರೆ ಸುಮಾರು 7 ಪ್ರತಿಶತ ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದ್ದರಿಂದ ಸುರಿದಾಗ ಬಿರುಸಾಗಿ ಸುರಿಯುತ್ತದೆ. ಇನ್ನೊಂದು ಕಡೆ ಹೊಗೆ ಧೂಳುಗಳ ಸೂಕ್ಷ್ಮಕಣಗಳು ನೆಲಕ್ಕೆ ಬೀಳುವ ಬಿಸಿಲನ್ನು ತಡೆದು ಮುಂಗಾರಿನ ಬಲವನ್ನು ಕುಗ್ಗಿಸಿವೆ. ಇಂಥ ಸೂಕ್ಷ್ಮವನ್ನು ಮುಚ್ಚಿಡದೆ ಹೇಳುವುದು ವರದಿಯ ಪ್ರಾಮಾಣಿಕತೆ. ಇದು ಓದಲು ಕ್ಲಿಷ್ಟ. ಅಧ್ಯಾಪಕರ ನೆರವಿಲ್ಲದೆ ಪದವಿ ತರಗತಿಯವರಿಗೆ ಎಟುಕದು. ಅಲ್ಲದೆ ದೇಶದ ಸರಾಸರಿಯನ್ನು ಜಗಳೂರಿನ ಹೊಲಕ್ಕೆ ನೇರವಾಗಿ ಇಳಿಸುವಂತಿಲ್ಲ ಎಂಬ ಎಚ್ಚರವೂ ಬೇಕು. ಒಂದು ತಾಲ್ಲೂಕಿನ ಒಂದು ವರ್ಷದ ಬರವು ಭೂತಾಪದ ಫಲವೇ ಎಂಬುದಕ್ಕೆ ಈ ಅಂಕಿಗಳು ಉತ್ತರವಾಗಲಾರವು. ಅಂಥ ವರ್ಷಗಳ ಸರಣಿಯು ಯಾವ ಕಡೆಗೆ ವಾಲುತ್ತಿದೆಯೆಂಬುದನ್ನು ಮಾತ್ರ ಅವು ಹೇಳಬಲ್ಲುವು.

2023ರ ಬರವನ್ನು ಈ ಬೆಳಕಿನಲ್ಲಿ ನೋಡಬೇಕು. ಆ ವರ್ಷವೂ ಎಲ್ ನಿನೊ ಇತ್ತು. ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದಲ್ಲಿ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಿತು. ಬೆಳೆ ಒಣಗಿತು, ಸಾಲ ಬೆಳೆಯಿತು. ಆದರೆ 1877ರಂತೆ ಜನರು ರಸ್ತೆಯ ಬದಿಯಲ್ಲಿ ಹಸಿವಿನಿಂದ ಸಾಯಲಿಲ್ಲ. ಪಡಿತರದ ಅಕ್ಕಿಯೂ ಉದ್ಯೋಗ ಖಾತರಿಯ ಕೂಲಿಯೂ ಆಗ ಜಾರಿಯಲ್ಲಿದ್ದುವು. ಆಕಾಶವು ಒಂದೇ ಬಗೆಯಾಗಿ ಮುನಿದಾಗಲೂ ಸಮಾಜದ ಏರ್ಪಾಡು ಫಲವನ್ನು ಬದಲಿಸಬಲ್ಲದು ಎಂಬುದಕ್ಕೆ ಈ ಎರಡು ವರ್ಷಗಳ ಹೋಲಿಕೆಗಿಂತ ಮಿಗಿಲಾದ ಪಾಠ ಯಾವುದು? ನಾವು ಮಾಡಬಹುದಾದದ್ದು ಏನೂ ಇಲ್ಲ ಎಂದ ಎರಡನೆಯ ವಿದ್ಯಾರ್ಥಿಗೆ ಇತಿಹಾಸವು ಕೊಡುವ ಉತ್ತರ ಇದು.

5

ಕಾರಣ ತಿಳಿದ ಮೇಲೆ ಹೊಣೆಯ ಪ್ರಶ್ನೆ ಬರುತ್ತದೆ. ಇಲ್ಲಿ ಎರಡು ಕೃತಿಗಳನ್ನು ಎದುರುಬದುರಾಗಿ ಇಟ್ಟು ಓದಬೇಕು. ಮೊದಲನೆಯದು ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಪ್ರಕಟಿಸಿದ 'ಗ್ಲೋಬಲ್ ವಾರ್ಮಿಂಗ್ ಇನ್ ಆ್ಯನ್ ಅನ್‌ಈಕ್ವಲ್ ವರ್ಲ್ಡ್' ಎಂಬ ಕಿರುಹೊತ್ತಗೆ. ಅಮೆರಿಕದ ಒಂದು ಸಂಸ್ಥೆಯು ಭಾರತ, ಚೀನಗಳನ್ನು ಭೂತಾಪಕ್ಕೆ ಮುಖ್ಯ ಹೊಣೆಗಾರರ ಸಾಲಿನಲ್ಲಿ ಸೇರಿಸಿದಾಗ ಈ ಲೇಖಕರು ಅದರ ಲೆಕ್ಕವನ್ನೇ ಪ್ರಶ್ನಿಸಿದರು. ಬಡರೈತನ ಬತ್ತದ ಗದ್ದೆಯಿಂದಲೂ ದನಗಳಿಂದಲೂ ಹೊರಡುವ ಮೀಥೇನನ್ನು ಶ್ರೀಮಂತನ ಮೋಟಾರಿನ ಹೊಗೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಬದುಕಿಗಾಗಿ ಆಗುವ ಹೊರಸೂಸುವಿಕೆ ಬೇರೆ, ಭೋಗಕ್ಕಾಗಿ ಆಗುವುದು ಬೇರೆ ಎಂಬ ಅವರ ಭೇದವು ಭದ್ರಾ ನಾಲೆಯ ಕೆಳಗೆ ಬತ್ತ ನಾಟಿ ಮಾಡುವವರ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಇಂದಿಗೂ ಭಾರತದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲವಾದರೆ ಅಮೆರಿಕದಲ್ಲಿ ಅದರ ಏಳರಷ್ಟು ಹೊರಬೀಳುತ್ತದೆ.

ಎರಡನೆಯದು ದೀಪೇಶ್ ಚಕ್ರವರ್ತಿ ಅವರು 2009ರಲ್ಲಿ ಪ್ರಕಟಿಸಿದ ನಾಲ್ಕು ಪ್ರಮೇಯಗಳ ಪ್ರಬಂಧ. ಅದರ ವಿಸ್ತೃತ ರೂಪವು 2021ರ 'ದಿ ಕ್ಲೈಮೇಟ್ ಆಫ್ ಹಿಸ್ಟರಿ ಇನ್ ಎ ಪ್ಲಾನೆಟರಿ ಏಜ್' ಎಂಬ ಗ್ರಂಥದಲ್ಲಿದೆ. ಮಾನವನ ಚರಿತ್ರೆ ಬೇರೆ, ನಿಸರ್ಗದ ಚರಿತ್ರೆ ಬೇರೆ ಎಂದು ಇತಿಹಾಸಕಾರರು ಬಹುಕಾಲದಿಂದ ಎಳೆದಿದ್ದ ಗೆರೆಯು ಅಳಿಸಿಹೋಗಿದೆಯೆಂದೂ, ಮನುಷ್ಯನು ಒಂದು ಜೀವಜಾತಿಯಾಗಿ ಭೂಮಿಯ ಗತಿಯನ್ನೇ ಬದಲಿಸುವ ಶಕ್ತಿಯಾಗಿದ್ದಾನೆಂದೂ ಅವರ ಪ್ರತಿಪಾದನೆ. ಇತಿಹಾಸವಿಭಾಗದವರು ಭೂತಾಪವನ್ನು ವಿಜ್ಞಾನವಿಭಾಗಕ್ಕೆ ಕಳುಹಿಸಿ ನಿಶ್ಚಿಂತರಾಗುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಮರ್ಥವಾದ ವಾದವಿಲ್ಲ. ಆದರೆ ಜೀವಜಾತಿ ಎಂಬ ಒಂದೇ ಹೆಸರಿನ ಕೆಳಗೆ ಜಗಳೂರಿನ ಕೂಲಿಯವಳನ್ನೂ ಗಣಿಯ ಒಡೆಯನನ್ನೂ ಸೇರಿಸಿದಾಗ, ಮೊದಲ ಕೃತಿಯು ಕಷ್ಟಪಟ್ಟು ಮಾಡಿದ ಭೇದವು ಕರಗುವ ಅಪಾಯವಿದೆ. ಈ ಆಕ್ಷೇಪವನ್ನು ಅನೇಕರು ಎತ್ತಿದ್ದಾರೆ. ಚಕ್ರವರ್ತಿಯವರೂ ಅದಕ್ಕೆ ಉತ್ತರ ಕೊಡಲು ಯತ್ನಿಸಿದ್ದಾರೆ. ಇತ್ತ 1991ರ ಹೊತ್ತಗೆಯೂ ದೋಷಮುಕ್ತವಲ್ಲ. ದೇಶದೇಶಗಳ ನಡುವಣ ಅಸಮಾನತೆಯನ್ನು ತೋರಿದಷ್ಟು ಖಾರವಾಗಿ ಅದು ದೇಶದೊಳಗಿನ ಅಸಮಾನತೆಯನ್ನು ತೋರುವುದಿಲ್ಲ. ಅಲ್ಲದೆ ಒಟ್ಟು ಮೊತ್ತದಲ್ಲಿ ಭಾರತವು ಈಗ ಲೋಕದ ಮೂರನೆಯ ಸ್ಥಾನಕ್ಕೆ ಬಂದಿರುವುದನ್ನು ಇಂದಿನ ವಾಚಕನು ಸೇರಿಸಿಯೇ ಓದಬೇಕು. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಓದಿದವನು ಮಾತ್ರ ಹೊಣೆಯ ಪ್ರಶ್ನೆಯನ್ನು ನ್ಯಾಯವಾಗಿ ಕೇಳಬಲ್ಲನು.

ಸಾಹಿತ್ಯದ ಕಡೆಯಿಂದ ಅಮಿತಾವ್ ಘೋಷ್ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' (2016) ಪ್ರಸಿದ್ಧವಾಗಿದೆ. ಆಧುನಿಕ ಕಾದಂಬರಿಯು ದಿನನಿತ್ಯದ ಸಂಭಾವ್ಯತೆಯನ್ನು ನೆಚ್ಚಿಕೊಂಡು ನಿಸರ್ಗದ ಅಸಾಧಾರಣ ಉತ್ಪಾತಗಳನ್ನು ಹೊರಗಿಟ್ಟಿತೆಂದು ಅವರು ದೂರುತ್ತಾರೆ. ವಾದ ಚತುರವಾಗಿದೆ, ಆದರೆ ಕನ್ನಡದ ವಾಚಕನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಮಳೆಯೂ ಕಡಲೂ ಬರಿಯ ಹಿನ್ನೆಲೆಯಲ್ಲ. ಅನಂತಮೂರ್ತಿಯವರ 'ಬರ' ಕಥೆಯು ಅನಾವೃಷ್ಟಿಯನ್ನು ಆಡಳಿತ ರಾಜಕಾರಣಗಳ ಒರೆಗೆ ಹಚ್ಚಿದೆ. ಘೋಷರ ಪ್ರಶ್ನೆಯನ್ನು ಹಿಡಿದುಕೊಂಡು ಕನ್ನಡ ಕಥನಸಾಹಿತ್ಯವನ್ನು ಮತ್ತೆ ಓದುವುದು ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

6

ಮೇಲೆ ಹೇಳಿದ ಗ್ರಂಥಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡದಲ್ಲಿ ಏನೂ ಇಲ್ಲವೆಂದು ಹೇಳಿದರೆ ಅಪಚಾರವಾದೀತು. ಶ್ರೀ ನಾಗೇಶ ಹೆಗಡೆ ಅವರ 'ಇರುವುದೊಂದೇ ಭೂಮಿ'ಯೂ ಅವರು ದಶಕಗಳಿಂದ ಬರೆದ ಅಂಕಣಗಳೂ ಈ ವಿಷಯವನ್ನು ಮನೆಮಾತಿನಲ್ಲಿ ಹೇಳಬಹುದೆಂದು ತೋರಿಸಿಕೊಟ್ಟಿವೆ. ಪಾರಿಭಾಷಿಕ ಶಬ್ದಗಳ ಭಾರವಿಲ್ಲದೆ, ಹಾಸ್ಯವನ್ನೂ ಬಿಡದೆ, ಕನ್ನಡಿಗರ ಎರಡು ಮೂರು ತಲೆಮಾರಿಗೆ ಪರಿಸರದ ಅರಿವನ್ನು ಕೊಟ್ಟ ಬರವಣಿಗೆ ಅದು. ಆದರೆ ಅಂಕಣದ ಧರ್ಮವೇ ಬೇರೆ, ಸಮಗ್ರ ಗ್ರಂಥದ ಧರ್ಮವೇ ಬೇರೆ. ಅಂಕಣವು ಎಚ್ಚರಿಸುತ್ತದೆ, ಆಧಾರಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವ ಅವಕಾಶ ಅದಕ್ಕಿಲ್ಲ. ಧಾತು-ಈಶ್ವರದಿಂದ ಹಿಡಿದು 2023ರವರೆಗೆ ನಮ್ಮ ನಾಡಿನ ಮಳೆಬರಗಳ ಚರಿತ್ರೆಯನ್ನೂ ಭೂತಾಪದ ವಿಜ್ಞಾನವನ್ನೂ ಒಂದೇ ನೂಲಿನಲ್ಲಿ ಪೋಣಿಸಿದ ಕನ್ನಡ ಗ್ರಂಥವೊಂದರ ಅಗತ್ಯವು ಹಾಗೆಯೇ ಉಳಿದಿದೆ.

ಅಂಥ ಗ್ರಂಥಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದು ಭಾಗವನ್ನಾದರೂ ಒದಗಿಸುವುದು ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕ ವಿದ್ಯಾರ್ಥಿಗಳ ಕೈಯಲ್ಲಿದೆ. ತಾಲ್ಲೂಕು ಕಚೇರಿಗಳ ಮಳೆಯ ದಾಖಲೆ, ಗ್ರಾಮಗಳ ಕೆರೆಗಳ ಸ್ಥಿತಿ, ಹಿರಿಯರು ನೆನಪಿಟ್ಟುಕೊಂಡಿರುವ ಬರದ ವರ್ಷಗಳು, ರಾಗಿ ಜೋಳಗಳ ಹೊಲವು ಮೆಕ್ಕೆಜೋಳಕ್ಕೂ ಬತ್ತದ ಗದ್ದೆಯು ಅಡಕೆ ತೋಟಕ್ಕೂ ತಿರುಗಿದ ಬಗೆ, ಕೊಳವೆಬಾವಿಗಳ ಆಳ, ಇವನ್ನೆಲ್ಲ ಸಂಗ್ರಹಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಇದು ಕೇವಲ ಪಾಂಡಿತ್ಯದ ಮಾತೂ ಅಲ್ಲ. ಅಡಕೆಯ ಗಿಡವನ್ನು ಇಂದು ನೆಡುವವನು ಮೂವತ್ತು ನಲವತ್ತು ವರ್ಷಗಳ ನೀರನ್ನು ಪಣಕ್ಕಿಡುತ್ತಾನೆ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಜಗಳೂರಿನವರು ಬಹುಕಾಲದಿಂದ ಎದುರುನೋಡುತ್ತಿದ್ದಾರೆ. 2023-24ರ ಕೇಂದ್ರ ಆಯವ್ಯಯದಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಲಾಯಿತು. ನಾಲೆಯು ನೀರನ್ನು ಸಾಗಿಸಬಲ್ಲದು, ಸೃಷ್ಟಿಸಲಾರದು. ಬರುವ ದಶಕಗಳಲ್ಲಿ ಸಹ್ಯಾದ್ರಿಯ ಮಳೆ ಹೇಗೆ ನಡೆದುಕೊಳ್ಳುವುದೆಂಬ ಪ್ರಶ್ನೆಯು ಚನ್ನಗಿರಿಯ ತೋಟಕ್ಕೂ ಜಗಳೂರಿನ ಹೊಲಕ್ಕೂ ಸಮಾನವಾದುದು.

ಪ್ರಾರಂಭದಲ್ಲಿ ಹೇಳಿದ ವಿದ್ಯಾರ್ಥಿಗಳಿಬ್ಬರಿಗೂ ಮೇಲಿನ ಕ್ರಮದಲ್ಲಿಯೇ ಓದಲು ಹೇಳಿದೆವು: ಮೊದಲು ಶಾಸನ, ಗ್ಯಾಸೆಟಿಯರುಗಳು, ಅನಂತರ ಕ್ಷಾಮದ ಚರಿತ್ರೆ, ಅನಂತರ ವಿಜ್ಞಾನದ ಚರಿತ್ರೆ, ಕೊನೆಗೆ ಹೊಣೆಯ ವಿಚಾರ. ಜಗಳೂರಿನವನು ಡೇವಿಸ್ ಅವರ ಗ್ರಂಥದಲ್ಲಿ ಅರ್ಧದಾರಿಯಲ್ಲಿದ್ದಾನೆ. ಚನ್ನಗಿರಿಯವನು ತನ್ನೂರಿನ ಕೆರೆಯ ಶಾಸನವನ್ನು ಹುಡುಕಿಕೊಂಡು ಹೋಗಿದ್ದಾನೆ. ಅವರು ಹಿಂದಿರುಗಿ ಬಂದು ಕೇಳುವ ಪ್ರಶ್ನೆಗಳು ಮೊದಲಿನವಾಗಿರಲಾರವು. ಅವಕ್ಕೆ ಉತ್ತರಿಸುವಷ್ಟು ನಾವೂ ಓದಿಕೊಂಡಿರುವುದು ನಮ್ಮ ಕರ್ತವ್ಯ.